ಅರ್ಧ ಒತ್ತಿ ಹಿಡಿ

ಅಂಗಡಿಯ ಬಾಗಿಲು ಇನ್ನೂ ಸೊಂಟದೆತ್ತರಕ್ಕೆ ಎತ್ತಿದ್ದೆ,
ಅದರಡಿ ಬಗ್ಗಿ ಬಂದಳು ಶೆಫಿಕಾ.
ಕೈಗೆ ಹೋಟೆಲಿನ ಸೋಪಿನ ವಾಸನೆ,
ಮುಷ್ಟಿಯಲ್ಲಿ ಮುನ್ನೂರು ಮಾರ್ಕು, ರಬ್ಬರು ಸುತ್ತಿದ್ದು.
‘ಮೇಸ್ತ್ರಿ, ನನ್ನ ಎಲ್ವೇದಿನ್ ಇವತ್ತು
ಸೇತುವೆಯಿಂದ ಹಾರುತ್ತಾನಂತೆ, ಮೊದಲ ಸಲ.
ಬೇಡ ಅಂದೆ. ಕೇಳಲಿಲ್ಲ.
ಫೋಟೋ ಆದರೂ ಇರಲಿ.’

ಮೊಸ್ತಾರಿನಲ್ಲಿ ಗಡಿಯಾರ ಬಿಚ್ಚಿ ಕೂಡಿಸುತ್ತಿದ್ದವನು ನಾನು.
ಗಡಿಯಾರ ಕಟ್ಟುವ ಮಣಿಕಟ್ಟು ಕಮ್ಮಿಯಾದ ಮೇಲೆ
ಹಳೇ ಕ್ಯಾಮೆರಾ ಮಾರುತ್ತೇನೆ.
ಗಾಜಿನ ಮೇಲೆ ಎರಡಿಟ್ಟೆ.

ಇದು ನೋಡು, ಸಣ್ಣದು. ಸಿಗರೇಟು ಪ್ಯಾಕಿನಷ್ಟು.
ಏಪ್ರನ್ನಿನ ಜೇಬಿಗೆ ಸಾಕು.
ಒಳಗಿನ ಸೆನ್ಸರ್ ಕಿರುಬೆರಳ ಉಗುರಿಗಿಂತ ಚಿಕ್ಕದು;
ಹೊತ್ತು ಮುಳುಗಿದರೆ ಚಿತ್ರದ ತುಂಬ ರವೆ ಚೆಲ್ಲುತ್ತದೆ.
ಆದರೆ ಇದರೆದುರು ಯಾರೂ ಬಟ್ಟೆ ಸರಿಮಾಡಿಕೊಳ್ಳುವುದಿಲ್ಲ.

ಇದು ಡಿಎಸ್ಎಲ್ಆರ್, ಆ ಮನೆತನದ ಕಿರಿ ಸೊಸೆ.
ಪ್ಲಾಸ್ಟಿಕ್ ಮೈ, ತವರಿನಿಂದ ತಂದದ್ದು ಒಂದೇ ಲೆನ್ಸು.
ಆದರೂ ಕೊರಳಿಗೆ ಹಾಕಿಕೊಂಡು ನಡೆ,
ಜನ ದಾರಿ ಬಿಡುತ್ತಾರೆ.

‘ಎರಡನ್ನೂ ಒಯ್ಯಿ. ಸಂಜೆಗೆ ಒಂದನ್ನು ತಿರುಗಿಸು.’
ಸಣ್ಣದರಲ್ಲಿ ಗುಂಡಿ ಅರ್ಧ ಒತ್ತಿ ಹಿಡಿದು ಕಾಯಬೇಕು,
ಅದನ್ನು ಹೇಳಲಿಲ್ಲ.
ಮರೆತೆನೋ,
ದೊಡ್ಡದನ್ನು ಮಾರುವುದಿತ್ತೋ.

ಸಂಜೆ ಬಂದಳು. ಕುರ್ಚಿ ಕೊಟ್ಟೆ, ಕೂರಲಿಲ್ಲ.
ಮೊದಲ ಹಾರಾಟ ಸಣ್ಣದರಲ್ಲಿ:
ಕಲ್ಲು ಕಮಾನು, ಅದರ ಮೇಲೆ ಯಾರೂ ಇಲ್ಲ.
ಮುಂದಿನದು, ಹಸಿರು ನೀರಿನಲ್ಲೊಂದು ಬಿಳಿ ಗಾಯ.
ಕೋಟೆ ಸೂರೆಹೋದ ಮೇಲೆ
ದಿಡ್ಡಿ ಬಾಗಿಲು ಹಾಕಿದ ಹಾಗೆ.

ಎರಡನೆಯದು ದೊಡ್ಡದರಲ್ಲಿ:
ಹುಡುಗ ಗಾಳಿಯಲ್ಲಿ ನಿಂತಿದ್ದಾನೆ, ತೋಳು ಹರಡಿ.
ಪಕ್ಕೆಲುಬು ಎಣಿಸಬಹುದು.
ಹಣೆಯ ಹತ್ತಿರ ಒಂದು ಹನಿ,
ಮೊದಲ ಹಾರಾಟದ್ದು, ಇನ್ನೂ ಒಣಗದ್ದು.
ಕಾಸು ಕೂಡಿಸಿದ ಟೋಪಿ ಹಿಡಿದ ಗೆಳೆಯ ಕೂಡ ಸ್ಪಷ್ಟ.
‘ಇಂಥದ್ದು ನನಗೂ ಬಿದ್ದಿಲ್ಲ’ ಎಂದೆ. ಸುಳ್ಳಲ್ಲ.

ಅವಳು ನೋಡಿದಳು, ಬೇರೆ ಯಾರದೋ ಮಗನನ್ನು ನೋಡುವಂತೆ.
‘ಮೇಸ್ತ್ರಿ, ಒತ್ತಿದೆ. ಕಣ್ಣೆದುರು ಕತ್ತಲಾಯಿತು.
ಬೆಳಕು ಬಂದಾಗ ಅವನಿಲ್ಲ, ಗೋಡೆ.
ನದಿಯಲ್ಲಿ ಹುಡುಕಿದೆ, ತೂತಿನೊಳಗೆ ನದಿಯೂ ಸಿಗಲಿಲ್ಲ.
ಇದು ಕೆಟ್ಟಿದೆಯೇನು?’

ಕೆಟ್ಟಿಲ್ಲ. ಒಳಗೊಂದು ಕನ್ನಡಿ ಇದೆ ತಾಯಿ.
ತೋರಿಸುವುದೂ ಅದೇ,
ಚಿತ್ರ ಬೀಳುವ ಗಳಿಗೆಗೆ ಎದ್ದು ಮರೆ ಮಾಡುವುದೂ ಅದೇ.
ಕಣ್ಣು ಮುಚ್ಚಿ ಹಾಲು ಕುಡಿವ ಬೆಕ್ಕಿನ ಜಾತಿ.
ಹಾಲು ಕುಡಿದದ್ದು ನಿಜ; ನೀನು ನೋಡಲಿಲ್ಲ, ಅಷ್ಟೆ.

‘ಆ ಸಣ್ಣದರ ಪರದೆಯಲ್ಲಿ
ಬಿಸಿಲಿಗೆ ನನ್ನ ಮೂಗೇ ಕಂಡಿತು.
ಅದಕ್ಕೇ ತಲೆ ಎತ್ತಿದೆ.
ಎತ್ತಿದ್ದಕ್ಕೆ ಅವನನ್ನು ನೋಡಿದೆ,
ಕಲ್ಲಿನಿಂದ ನೀರಿನ ತನಕ, ಪೂರ್ತಿ.
ಉಸಿರು ಬಿಟ್ಟಿದ್ದು ಅವನ ತಲೆ ಮೇಲೆ ಬಂದಾಗ.’

ಸರಿ, ಸಣ್ಣದನ್ನೇ ಒಯ್ಯುತ್ತಾಳೆ ಎಂದು
ಡಬ್ಬಿಗೆ ಕೈ ಹಾಕಿದೆ. ಎಪ್ಪತ್ತು ಮಾರ್ಕಿನ ವ್ಯಾಪಾರ.
ಅವಳು ರಬ್ಬರು ಬಿಚ್ಚಿ ಮುನ್ನೂರೂ ಎಣಿಸಿದಳು,
ದೊಡ್ಡದನ್ನು ಕೊರಳಿಗೆ ಹಾಕಿಕೊಂಡು ಹೋದಳು,
ಆ ಚಿತ್ರದ ಒಂದು ಪ್ರತಿಯನ್ನೂ ಕೇಳದೆ.

ಈಗ ಆಗಸ್ಟು. ಹುಡುಗ ದಿನಾ ಹಾರುತ್ತಾನೆ.
ಇವಳು ದಡದಲ್ಲಿ ನಿಂತು, ಕ್ಯಾಮೆರಾ ಎದೆಗಾನಿಸಿ,
ಗದ್ದ ಮೇಲೆತ್ತಿ, ಕುರುಡಾಗಿ ಒತ್ತುತ್ತಾಳೆ.
ನಾನು ತೂತನ್ನು ತೋರಿಸಿ ಬೈದಿದ್ದೇನೆ.
ಪ್ರಿಂಟಿಗೆ ತರುತ್ತಾಳೆ: ವಾರೆ ಆಕಾಶ,
ಪ್ರವಾಸಿಯ ಛತ್ರಿ,
ಕಮಾನಿನ ಅರ್ಧ, ಮತ್ತೆ ಆಕಾಶ.

ನಿನ್ನೆಯದರಲ್ಲಿ, ಮೇಲಿನ ಅಂಚಿಗೆ,
ಒಂದು ಹಿಮ್ಮಡಿ.

‘ಇದನ್ನು ದೊಡ್ಡದು ಮಾಡು’ ಎಂದಳು.
ಎಷ್ಟು ದೊಡ್ಡದು ಎಂದೆ.
ಕೈ ಅಗಲಿಸಿ ತೋರಿಸಿದಳು,
ತೊಟ್ಟಿಲಿನಷ್ಟು.